ಫಾಂಡಂಟ್ ಮೇಲೆ ಚಿನ್ನದ ಜರಿ ಅಂಚು: ಲೋಹದ ಹೊಳಪು ಬರಿಸೋದು ಹೇಗೆ?

ಸಕ್ಕರೆಗೊಂಬೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಸೀಮಂತದ ಕೇಕ್ ಒಂದಿದೆ. ಎರಡು ಅಂತಸ್ತು, ಎಗ್‌ಲೆಸ್. ಮೇಲಿನ ಅಂತಸ್ತಿಗೆ ಹಸಿರು ರೇಷ್ಮೆ ಸೀರೆ ಸುತ್ತಿದ ಹಾಗೆ ಫಾಂಡಂಟ್ (ಲಟ್ಟಿಸಿ ಕೇಕ್ ಮೇಲೆ ಹೊದಿಸುವ ಸಕ್ಕರೆ ಹಿಟ್ಟು) ನೆರಿಗೆ ಬರಬೇಕು. ಅದರ ಕೆಳಗೆ ಅಗಲವಾದ ಜರಿ ಅಂಚು, ಅಂಚಿನ ಮೇಲೆ ಮಾವಿನಕಾಯಿ ಬುಟ್ಟ. ಸಿಲಿಕಾನ್ ಅಚ್ಚಿನಲ್ಲಿ ಗೆರೆಗಳು ಚೆನ್ನಾಗಿಯೇ ಮೂಡುತ್ತಿವೆ. ತೊಂದರೆ ಇರೋದು ಬಣ್ಣದಲ್ಲಿ.

ಬಿಳಿ ಫಾಂಡಂಟ್ ಮೇಲೆ ಗೋಲ್ಡ್ ಲಸ್ಟರ್ ಡಸ್ಟನ್ನು (ಕೇಕ್‌ಗೆ ಹಚ್ಚುವ ಹೊಳಪಿನ ಪುಡಿ) ವೆನಿಲ್ಲಾ ಎಸೆನ್ಸ್‌ನಲ್ಲಿ ಕಲಸಿ ಬಳಿದರೆ ಬ್ರಶ್ ಎಳೆದ ಗೆರೆಗಳೆಲ್ಲ ಕಾಣುತ್ತವೆ. ಗಂಟೆಗಟ್ಟಲೆ ಬಿಟ್ಟರೂ ಅಂಟು ಹೋಗುವುದಿಲ್ಲ. ಒಣ ಪುಡಿಯನ್ನೇ ಸವರಿದರೆ ಸ್ವಲ್ಪ ಮಿನುಗುತ್ತದೆ, ಆದರೆ ಐಶ್ಯಾಡೋ ಹಚ್ಚಿದ ಹಾಗೆ. ಜರಿ ಅನ್ನಿಸುವುದಿಲ್ಲ. ವೋಡ್ಕಾ ಬಳಸಿ ಅಂತ ಎಲ್ಲಾ ವಿಡಿಯೋದಲ್ಲೂ ಹೇಳುತ್ತಾರೆ. ಈ ಮನೆಯವರು ಆಲ್ಕೋಹಾಲ್ ಸೋಕಿದ್ದು ಬೇಡ ಅಂತ ಮೊದಲೇ ಹೇಳಿದ್ದಾರೆ, ಬಸುರಿ ಹುಡುಗಿ ತಿನ್ನುವ ಕೇಕ್ ಬೇರೆ. ದಾರಿ ಇದ್ದರೆ ಹೇಳಿ.

ಓವನ್_ಅಕ್ಕ, ಬೆಂಗಳೂರು

ಮೊದಲು ಆ ಎಸೆನ್ಸ್ ಬಿಡಿ. ನಮ್ಮಲ್ಲಿ ಸಿಗುವ ಎಸೆನ್ಸ್‌ಗಳಲ್ಲಿ ಹೆಚ್ಚಿನವು ಪ್ರೊಪಿಲೀನ್ ಗ್ಲೈಕಾಲ್ ಮತ್ತು ನೀರಿನಲ್ಲಿ ಮಾಡಿದ್ದು. ಗ್ಲೈಕಾಲ್ ಸುಲಭಕ್ಕೆ ಆರುವುದಿಲ್ಲ, ಅದಕ್ಕೇ ಅಂಟು.

ಎರಡನೆಯದು, ಬಿಳಿ ಫಾಂಡಂಟ್ ಮೇಲೆ ಚಿನ್ನ ಯಾವತ್ತೂ ಕೂರಲ್ಲ. ಅಂಚಿನ ಪಟ್ಟಿಗೆ ಮೊದಲೇ ಬಣ್ಣ ಕಲಸಿ. ಹಳದಿ ಜೆಲ್, ಜೊತೆಗೆ ಚೂರೇ ಚೂರು ಕಂದು. ಸಾಸಿವೆ ಬಣ್ಣಕ್ಕೆ ಬರಲಿ.

ಬೆಣ್ಣೆದೋಸೆ, ದಾವಣಗೆರೆ

ನಿಂಬೆ ರಸದಲ್ಲಿ ಕಲಸಿದರೆ ಆಗುತ್ತೆ ಅಂತ ಓದಿದ್ದೆ. ಆಲ್ಕೋಹಾಲೂ ಬೇಡ, ಖರ್ಚೂ ಇಲ್ಲ.

ಓವನ್_ಅಕ್ಕ, ಬೆಂಗಳೂರು

ಬೇಡ ಬೇಡ. ನೀವು ಓದಿದ್ದು ಲೆಮನ್ ಎಕ್ಸ್‌ಟ್ರಾಕ್ಟ್ ಬಗ್ಗೆ ಇರಬೇಕು. ಅದು ನಿಂಬೆಯ ಎಣ್ಣೆಯನ್ನು ಗಟ್ಟಿ ಆಲ್ಕೋಹಾಲ್‌ನಲ್ಲಿ ಕರಗಿಸಿದ್ದು. ನಿಂಬೆ ರಸ ಅಂದರೆ ಹೆಚ್ಚುಕಮ್ಮಿ ನೀರೇ. ಫಾಂಡಂಟ್ ಪೂರ್ತಿ ಸಕ್ಕರೆ, ನೀರು ಬಿದ್ದ ಕಡೆಯೆಲ್ಲ ಕರಗಿ ಜಿಗುಟಾಗುತ್ತದೆ.

ಲ್ಯಾಬ್_ಮೇಷ್ಟ್ರು, ತುಮಕೂರು

ನಾನು ಕೇಕ್ ಮಾಡುವವನಲ್ಲ, ಮನೆಯಲ್ಲಿ ಮಗಳು ಮಾಡುತ್ತಾಳೆ. ಪಾಠ ಮಾಡೋದು ರಸಾಯನಶಾಸ್ತ್ರ. ಈ ಪುಡಿ ಯಾಕೆ ಹೊಳೆಯುತ್ತದೆ ಅಂತ ಗೊತ್ತಾದರೆ ನಿಮ್ಮ ಅರ್ಧ ತೊಂದರೆ ಹೋಗುತ್ತದೆ ಅನ್ನಿಸಿ ಬರೆಯುತ್ತಿದ್ದೇನೆ.

ತಿನ್ನುವ ಲಸ್ಟರ್ ಡಸ್ಟ್‌ನಲ್ಲಿ ಸಾಮಾನ್ಯವಾಗಿ ಚಿನ್ನವೂ ಇಲ್ಲ, ಬೆಳ್ಳಿಯೂ ಇಲ್ಲ. ಇರೋದು ಅಭ್ರಕದ ತೆಳ್ಳನೆ ಚಕ್ಕೆಗಳು. ಅದರ ಮೇಲೆ ಟೈಟಾನಿಯಂ ಡೈಆಕ್ಸೈಡ್ ಅಥವಾ ಐರನ್ ಆಕ್ಸೈಡ್‌ನ ತೀರಾ ತೆಳುವಾದ ಪದರ. ಆ ಪದರದ ಮೇಲ್ಭಾಗದಿಂದಲೂ ತಳದಿಂದಲೂ ಬೆಳಕು ವಾಪಸ್ ಬರುತ್ತದೆ, ಎರಡೂ ಸೇರಿ ಹೊಳಪು ಕೊಡುತ್ತವೆ. ಚಿನ್ನದ ಛಾಯೆಗೆ ಐರನ್ ಆಕ್ಸೈಡ್ ಬೇಕು.

ಈಗ ಮುಖ್ಯ ವಿಷಯ. ಚಕ್ಕೆಗಳೆಲ್ಲ ಒಂದೇ ಕಡೆ ಮುಖ ಮಾಡಿ ಮಲಗಿದರೆ ಮಾತ್ರ ಲೋಹದ ಹಾಗೆ ಕಾಣುತ್ತದೆ. ಎಸೆನ್ಸ್‌ನಲ್ಲಿ ದಪ್ಪಗೆ ಕಲಸಿ ಬಳಿದಾಗ ಅವು ಅಡ್ಡಾದಿಡ್ಡಿ ನಿಂತುಬಿಡುತ್ತವೆ. ಬೆಳಕು ಚೆದುರುತ್ತದೆ, ನಿಮಗೆ ಕಾಣೋದು ಬರೀ ಹಳದಿ. ಆಲ್ಕೋಹಾಲ್‌ನಲ್ಲಿ ತೆಳುವಾಗಿ ಬಳಿದರೆ ಅದು ಬೇಗ ಆರಿಹೋಗಿ ಚಕ್ಕೆಗಳು ಮೈಗೆ ಅಂಟಿಕೊಂಡು ಮಲಗುತ್ತವೆ. ಒಣ ಪುಡಿಯನ್ನು ಉಜ್ಜಿದಾಗಲೂ ಹಾಗೆಯೇ ಮಲಗುತ್ತವೆ, ಆದರೆ ಹಿಡಿದುಕೊಳ್ಳೋಕೆ ಏನಾದರೂ ಬೇಕು.

ಓವನ್_ಅಕ್ಕ, ಬೆಂಗಳೂರು

ಹಿಡಿದುಕೊಳ್ಳೋಕೆ ಶಾರ್ಟನಿಂಗ್, ಅದೇ ವನಸ್ಪತಿಯಂಥ ಗಟ್ಟಿ ಕೊಬ್ಬು! ಅದನ್ನೇ ಹೇಳೋಕೆ ಬಂದೆ. ಆಲ್ಕೋಹಾಲ್ ಬೇಡ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಪಟ್ಟಿಯನ್ನು ಅಚ್ಚಿನಿಂದ ಬಿಡಿಸಿ ಬಟರ್ ಪೇಪರ್ ಮೇಲೆ ಮಲಗಿಸಿ. ಮೇಲ್ಮೈಯಲ್ಲಿ ಕಾರ್ನ್‌ಫ್ಲೋರ್ ಒಂದು ಕಣವೂ ಇರಬಾರದು, ಇದ್ದ ಕಡೆ ಮಂಕು ಕಲೆ ನಿಲ್ಲುತ್ತದೆ. ಅಚ್ಚಿಗೂ ಕಾರ್ನ್‌ಫ್ಲೋರ್ ಬದಲು ಶಾರ್ಟನಿಂಗ್ ಸವರೋದೇ ಒಳ್ಳೆಯದು. ಒಂದೆರಡು ಗಂಟೆ ಆರಲು ಬಿಡಿ, ಮೇಲೆ ತೆಳುವಾಗಿ ಪೊರೆ ಕಟ್ಟಲಿ. ಆಮೇಲೆ ಬೆರಳ ತುದಿಗೆ ಶಾರ್ಟನಿಂಗ್ ತಗೊಂಡು ಪಟ್ಟಿಯ ಮೇಲೆ ಸವರಿ, ಟಿಶ್ಯೂ ಕಾಗದದಲ್ಲಿ ಒತ್ತಿ ತೆಗೆಯಿರಿ. ಕಣ್ಣಿಗೆ ಏನೂ ಕಾಣಬಾರದು, ಕೈಗೆ ಮಾತ್ರ ಜಿಡ್ಡು ತಿಳಿಯಬೇಕು. ಆಗ ಮೆತ್ತನೆ ಚಪ್ಪಟೆ ಬ್ರಶ್‌ನಿಂದ ಒಣ ಪುಡಿಯನ್ನು ತಟ್ಟಿ ತಟ್ಟಿ ಕೂರಿಸಿ. ಎಳೆಯಬೇಡಿ. ಪೂರ್ತಿ ಮುಚ್ಚಿದ ಮೇಲೆ ಇನ್ನೊಂದು ಒಣ ಬ್ರಶ್‌ನಿಂದ ಪಟ್ಟಿಯ ಉದ್ದಕ್ಕೂ ಒಂದೇ ದಿಕ್ಕಿನಲ್ಲಿ ಉಜ್ಜಿ. ಆ ಉಜ್ಜುವಾಗ ಹೊಳಪು ಏಳುತ್ತದೆ ನೋಡಿ, ಕಣ್ಣೆದುರಿಗೇ ಪುಡಿ ಹೋಗಿ ತಗಡಾದ ಹಾಗೆ.

ಜಿಡ್ಡು ಜಾಸ್ತಿಯಾದರೆ ಪುಡಿ ಗಂಟು ಕಟ್ಟಿ ಕಪ್ಪಗಾಗುತ್ತದೆ. ಅಷ್ಟು ಎಚ್ಚರ ಇದ್ದರೆ ಸಾಕು.

ಕುಡ್ಲ_ಕಿಚನ್, ಮಂಗಳೂರು

ಹೌದು, ನಮ್ಮ ಮಳೆಗಾಲಕ್ಕೂ ಇದೇ ಸರಿ. ಆಲ್ಕೋಹಾಲ್‌ನಲ್ಲಿ ಬಳಿದ ಚಿನ್ನ ಜುಲೈ ತಿಂಗಳಲ್ಲಿ ಒಣಗಿದ ಹಾಗೆ ಕಾಣುತ್ತದೆ, ಸಂಜೆ ಹೊತ್ತಿಗೆ ಮತ್ತೆ ಮೆತ್ತಗೆ. ಜಿಡ್ಡಿನ ಮೇಲೆ ಕೂತ ಪುಡಿಗೆ ತೇವ ಅಷ್ಟು ಬೇಗ ಹತ್ತಲ್ಲ.

ಮಗ್ಗದಮನೆ, ಧರ್ಮಾವರಂ ರೋಡ್

ನಮ್ಮದು ಸೀರೆ ವ್ಯಾಪಾರ. ಜರಿ ಅಂದಿದ್ದಕ್ಕೆ ಬಂದೆ.

ಅಸಲಿ ಜರಿ ಎಳೆಯನ್ನು ಉಗುರಿನಿಂದ ಕೆರೆದು ನೋಡಿದ್ದೀರಾ? ಒಳಗೆ ಕೆಂಪು ರೇಷ್ಮೆ ನೂಲು ಕಾಣುತ್ತದೆ. ಅದರ ಸುತ್ತ ಬೆಳ್ಳಿಯ ತೆಳು ತಂತಿ, ಬೆಳ್ಳಿಯ ಮೇಲೆ ಚಿನ್ನದ ಲೇಪ. ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿಯ ಮೈಸೂರು ಸಿಲ್ಕ್ ಜರಿಯಲ್ಲಿ ಬೆಳ್ಳಿ ಶೇ. 65, ಚಿನ್ನ ಶೇ. 0.65. ಅಷ್ಟು ಕಡಿಮೆ ಚಿನ್ನ ಇದ್ದರೂ ಕಣ್ಣು ತುಂಬುತ್ತದೆ, ಯಾಕಂದ್ರೆ ಕೆಳಗಿನ ಪದರಗಳು ಅದನ್ನು ಹೊತ್ತು ನಿಂತಿವೆ. ಒಳಗಿನ ಕೆಂಪು ಮೇಲಿನ ಚಿನ್ನಕ್ಕೆ ಒಂದು ಬಿಸುಪು ಕೊಡುತ್ತದೆ. ನೀವೂ ಆ ಸಾಸಿವೆ ಬಣ್ಣಕ್ಕೆ ಒಂದು ತೊಟ್ಟು ಕೆಂಪು ಸೇರಿಸಿ ನೋಡಿ. ನಿಂಬೆ ಹಳದಿ ಮಾತ್ರ ಬೇಡವೇ ಬೇಡ, ಟೆಸ್ಟೆಡ್ ಅನ್ನುವ ನಕಲಿ ಜರಿಯ ಹಾಗೆ ಅಗ್ಗವಾಗಿ ಕಾಣುತ್ತದೆ.

ಸಕ್ಕರೆಗೊಂಬೆ, ಮೈಸೂರು

ಅಯ್ಯೋ ಎಷ್ಟು ಚೆನ್ನಾಗಿ ಹೇಳಿದ್ರಿ. ಅಮ್ಮನ ಹಳೇ ಸೀರೆ ತೆಗೆದು ಭೂತಗನ್ನಡಿಯಲ್ಲಿ ನೋಡಿದೆ. ಸವೆದ ಕಡೆ ನಿಜವಾಗಿ ಕೆಂಪೇ ಇದೆ! ಇವತ್ತು ರಾತ್ರಿ ಕೆಂಪು ಸೇರಿಸಿ ಒಂದು ಪಟ್ಟಿ ಮಾಡ್ತೀನಿ.

ಬೆಣ್ಣೆದೋಸೆ, ದಾವಣಗೆರೆ

ಬೆಳ್ಳಿಗೆ ಯಾವ ಬಣ್ಣ ಕೆಳಗೆ ಹಾಕಬೇಕು ಹಾಗಾದ್ರೆ?

ಓವನ್_ಅಕ್ಕ, ಬೆಂಗಳೂರು

ಬೂದು. ಮಳೆ ಮೋಡದಷ್ಟು. ತಾಮ್ರಕ್ಕೆ ಇಟ್ಟಿಗೆ ಕಂದು. ಹಳೇ ಹಿತ್ತಾಳೆ ದೀಪದ ತರಹ ಬೇಕು ಅಂದರೆ ಕಪ್ಪು ಫಾಂಡಂಟ್ ಮೇಲೆ ಚಿನ್ನ, ಉಬ್ಬಿದ ಕಡೆ ಮಾತ್ರ.

ಹಬ್ಬದಂಗಡಿ, ಹುಬ್ಬಳ್ಳಿ

ಇಷ್ಟೆಲ್ಲಾ ಯಾಕ್ರೀ? ಕ್ರಾಫ್ಟ್ ಅಂಗಡ್ಯಾಗ ಬ್ರಾಂಜ್ ಪೌಡರ್ ಸಿಗತದ. ಒಂದೇ ಸಲ ಹಚ್ಚಿದ್ರ ಅಪ್ಪಟ ಬಂಗಾರ ಕಂಡಂಗ ಕಾಣತದ. ಡಬ್ಬಿ ಮ್ಯಾಲ ನಾನ್ ಟಾಕ್ಸಿಕ್ ಅಂತನೂ ಬರ್ದಿರತದ. ಹೆಂಗೂ ಜನ ಫಾಂಡಂಟ್ ಸುಲಿದು ಬಾಜೂಕ ಇಡ್ತಾರ, ತಿನ್ನಾವ್ರು ಯಾರು?

ಲ್ಯಾಬ್_ಮೇಷ್ಟ್ರು, ತುಮಕೂರು

ದಯವಿಟ್ಟು ಬೇಡ. ಬ್ರಾಂಜ್ ಪೌಡರ್ ಅಂದರೆ ತಾಮ್ರ ಮತ್ತು ಸತುವಿನ ನುಣ್ಣನೆ ಪುಡಿ. ಅದು ನಿಜವಾದ ಲೋಹ, ಅದಕ್ಕೇ ಅಷ್ಟು ಹೊಳೆಯುತ್ತದೆ. ಹೊಟ್ಟೆಗೆ ಹೋಗುವ ವಸ್ತು ಅದಲ್ಲ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಅಕ್ಟೋಬರ್‌ನಲ್ಲಿ ಎರಡು ಪ್ರಕರಣಗಳ ವರದಿ ಹಾಕಿತ್ತು. ಒಂದು ರೋಡ್ ಐಲೆಂಡ್‌ನದ್ದು, 2018ರಲ್ಲಿ. ಬೇಕರಿಯಿಂದ ತಂದ ಹುಟ್ಟುಹಬ್ಬದ ಕೇಕ್ ತಿಂದ ಆರು ಮಕ್ಕಳಿಗೆ ವಾಂತಿ ಭೇದಿ ಶುರುವಾಯಿತು. ಕೇಕ್ ಮೇಲಿದ್ದ ರೋಸ್ ಗೋಲ್ಡ್ ಪುಡಿ ತಾಮ್ರದ್ದು. ಇನ್ನೊಂದು ಮಿಸೌರಿಯದ್ದು, 2019ರಲ್ಲಿ. ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸ ಜಾಸ್ತಿ ಬಂತು. ಹುಡುಕಿದಾಗ ಸಿಕ್ಕಿದ್ದು ಮನೆಯಲ್ಲೇ ಮಾಡಿದ ಹುಟ್ಟುಹಬ್ಬದ ಕೇಕ್ ಮೇಲಿನ ಅಲಂಕಾರದ ಪುಡಿ. ತಿನ್ನಲು ಅಲ್ಲದ ಪುಡಿಗಳನ್ನು ಕೇಕ್‌ಗೆ ಹಾಕಬೇಡಿ ಅಂತ ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿತ್ತು.

ನಾನ್ ಟಾಕ್ಸಿಕ್ ಅಂತ ಮಕ್ಕಳ ಕ್ರೆಯಾನ್ ಮೇಲೂ ಬರೆದಿರುತ್ತದೆ. ಹಾಗಂತ ಅದನ್ನು ತಿನ್ನಲು ಕೊಡುತ್ತೀರಾ?

ಹಬ್ಬದಂಗಡಿ, ಹುಬ್ಬಳ್ಳಿ

ಸರ್, ಕ್ರೆಯಾನ್ ಮಾತು ಒಪ್ಪತೀನಿ. ಆದ್ರ ಶೋಕ್ಕ ಇಡೋ ಡಮ್ಮಿ ಕೇಕ್‌ಗೆ ಹಚ್ಚಬಹುದಲ್ಲ?

ಸಿಹಿಶಿಲ್ಪಿ, ಬೆಂಗಳೂರು

ಡಮ್ಮಿಗೆ ಹಚ್ಚಬಹುದು. ಇಲ್ಲಿ ಡಿಸೆಂಬರ್‌ನಲ್ಲಿ ನಡೆಯುವ ಕೇಕ್ ಶೋನಲ್ಲಿ ಆಳೆತ್ತರದ ಸಕ್ಕರೆ ಶಿಲ್ಪಗಳನ್ನು ನಿಲ್ಲಿಸುತ್ತಾರಲ್ಲ, ಅವು ನೋಡಲಿಕ್ಕೆ ಇರೋದು. ಆದರೆ ಒಂದು ಮಾತು. ಡಮ್ಮಿಗೆ ಹಚ್ಚಿದ ಬ್ರಶ್, ಬಟ್ಟಲು, ಡಬ್ಬಿ ಯಾವುದೂ ತಿನ್ನುವ ಕೇಕ್ ಮೇಜಿಗೆ ಬರಬಾರದು. ಆ ಪುಡಿ ಗಾಳಿಯಲ್ಲಿ ಹಾರುತ್ತದೆ, ಕೆನ್ನೆ ಮೇಲೆಲ್ಲ ಕೂರುತ್ತದೆ. ಒಂದೇ ಅಡುಗೆಮನೆಯಲ್ಲಿ ಕೆಲಸ ಮಾಡುವವರು ಅದನ್ನು ಮನೆಗೇ ತರದಿದ್ದರೆ ವಾಸಿ. ತಿನ್ನುವ ಪುಡಿಯೇ ಆದರೂ ತಟ್ಟುವಾಗ ಫ್ಯಾನ್ ಆರಿಸಿ, ಮಾಸ್ಕ್ ಹಾಕಿಕೊಳ್ಳಿ. ಅಭ್ರಕದ ಪುಡಿ ಶ್ವಾಸಕೋಶಕ್ಕೆ ಹೋಗೋದು ಒಳ್ಳೆಯದಲ್ಲ.

ಇನ್ನು ಸುಲಿದು ಇಡ್ತಾರೆ ಅನ್ನೋ ಮಾತು. ದೊಡ್ಡವರು ಸುಲಿದು ಇಡ್ತಾರೆ. ಮಕ್ಕಳು ಮೊದಲು ಕೈ ಹಾಕೋದೇ ಆ ಹೊಳೆಯುವ ತುಂಡಿಗೆ.

ಅಮ್ಮಿ_ಬೇಕ್ಸ್, ಶಿವಮೊಗ್ಗ

ಹಾಗಾದರೆ ಯಾವುದು ತಿನ್ನುವಂಥದ್ದು ಅಂತ ತಿಳಿಯೋದು ಹೇಗೆ? ಆನ್‌ಲೈನ್‌ನಲ್ಲಿ ಎಲ್ಲದರ ಮೇಲೂ ಕೇಕ್ ಫೋಟೋನೇ ಹಾಕಿರ್ತಾರೆ.

ಸಿಹಿಶಿಲ್ಪಿ, ಬೆಂಗಳೂರು

ಫೋಟೋ ನೋಡಬೇಡಿ, ಡಬ್ಬಿ ತಿರುಗಿಸಿ ಹಿಂದೆ ನೋಡಿ. ತಿನ್ನುವ ಪದಾರ್ಥ ಅಂದಮೇಲೆ ಅದರಲ್ಲಿ ಏನೇನಿದೆ ಅಂತ ಪಟ್ಟಿ ಇರಲೇಬೇಕು. ಆಹಾರಕ್ಕೆ ಸೇರಿಸುವ ವಸ್ತುಗಳಿಗೆ ಐಎನ್‌ಎಸ್ ಅನ್ನೋ ಅಂತರರಾಷ್ಟ್ರೀಯ ಸಂಖ್ಯೆ ಇದೆ: ಅಭ್ರಕದ ಪುಡಿಗೆ ಐಎನ್‌ಎಸ್ 555, ಟೈಟಾನಿಯಂ ಡೈಆಕ್ಸೈಡ್‌ಗೆ 171, ಐರನ್ ಆಕ್ಸೈಡ್‌ಗೆ 172. ಈ ತರಹದ ಸಂಖ್ಯೆಗಳು ಕಾಣಬೇಕು. ಹಸಿರು ಚುಕ್ಕೆ ಇರಬೇಕು. 14 ಅಂಕಿಯ ಎಫ್‌ಎಸ್‌ಎಸ್‌ಎಐ (ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರಬೇಕು. ಆ ನಂಬರನ್ನು ಅವರದೇ ಫೋಸ್ಕೋಸ್ ವೆಬ್‌ಸೈಟಿನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ತೋರಿಸುತ್ತದೆ. ಬರೀ "ಅಲಂಕಾರಕ್ಕೆ ಮಾತ್ರ" ಅಂತ ಬರೆದು ಪಟ್ಟಿಯೇ ಇಲ್ಲದಿದ್ದರೆ ಅಲ್ಲೇ ಬಿಟ್ಟುಬಿಡಿ.

ಮ್ಯೂನಿಕ್_ಮಲ್ಲಿಗೆ, ಜರ್ಮನಿ

ಇಲ್ಲಿ ಯುರೋಪಿನಲ್ಲಿ 171ನ್ನೇ ಆಹಾರದಿಂದ ತೆಗೆದುಹಾಕಿದ್ದಾರೆ. 2022ರಲ್ಲಿ ನಿಷೇಧ ಬಂತು, ಆರು ತಿಂಗಳ ಕಾಲಾವಕಾಶ ಕೊಟ್ಟು ಆಗಸ್ಟ್‌ನಿಂದ ಪೂರ್ತಿ ನಿಂತಿತು. ಐರನ್ ಆಕ್ಸೈಡ್ ಚಿನ್ನಕ್ಕೆ ಏನೂ ತೊಂದರೆ ಇಲ್ಲ. ಬೆಳ್ಳಿ ಮತ್ತು ಮುತ್ತಿನ ಬಿಳುಪಿಗೇ ಕಷ್ಟ. ಊರಿಂದ ಪುಡಿ ತರಿಸಿ ಇಲ್ಲಿ ಮಾರುವ ಕೇಕ್‌ಗೆ ಹಾಕುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ.

ಬೆಣ್ಣೆದೋಸೆ, ದಾವಣಗೆರೆ

ಬೆಳ್ಳಿಗೆ ಈ ಪುಡಿಯೆಲ್ಲ ಯಾಕೆ? ಕಾಜು ಬರ್ಫಿ ಮೇಲೆ ಹಾಕ್ತಾರಲ್ಲ, ಆ ಬೆಳ್ಳಿ ರೇಕನ್ನೇ ಫಾಂಡಂಟ್ ಮೇಲೆ ಹಾಕಿದರೆ?

ಓವನ್_ಅಕ್ಕ, ಬೆಂಗಳೂರು

ತುಂಬಾ ಒಳ್ಳೆಯ ಯೋಚನೆ. ಕನ್ನಡಿ ಬೆಳ್ಳಿ ಬೇಕು ಅಂದರೆ ಪುಡಿಯಲ್ಲಿ ಬರೋದೇ ಇಲ್ಲ, ರೇಕೇ ಬೇಕು. ಫಾಂಡಂಟ್ ಮೇಲೆ ಒದ್ದೆ ಬ್ರಶ್ಶನ್ನು ಒಮ್ಮೆ ಆಡಿಸಿ, ನೀರು ಎಳೆದುಕೊಂಡು ಸ್ವಲ್ಪ ಅಂಟು ಬಂದಾಗ ಕಾಗದದ ಸಮೇತ ರೇಕನ್ನು ಬೋರಲು ಹಾಕಿ ಒತ್ತಿ. ಕೈಯಲ್ಲಿ ಮುಟ್ಟಲೇಬೇಡಿ, ಬೆರಳಿಗೆ ಮೆತ್ತಿಕೊಂಡು ಹೋಗುತ್ತದೆ. ಕಿಟಕಿ ಮುಚ್ಚಿರಬೇಕು. ಸೀಳು ಬಿಟ್ಟ ಕಡೆ ಚೂರುಗಳನ್ನು ಚಿಮಟದಲ್ಲಿ ಎತ್ತಿ ಕೂರಿಸಿ. ಆ ಸೀಳು ಸೀಳಾದ ನೋಟವನ್ನೇ ಇಷ್ಟಪಟ್ಟು ಮಾಡಿಸಿಕೊಳ್ಳುವವರೂ ಇದ್ದಾರೆ.

ಅಮ್ಮಿ_ಬೇಕ್ಸ್, ಶಿವಮೊಗ್ಗ

ಬೆಳ್ಳಿ ರೇಕನ್ನು ದನದ ಕರುಳಿನ ಮಧ್ಯೆ ಇಟ್ಟು ಬಡಿಯುತ್ತಾರೆ ಅಂತಾರೆ. ಸೀಮಂತದ ಕೇಕ್‌ಗೆ ಅದು ಸರಿಯಾ?

ಲ್ಯಾಬ್_ಮೇಷ್ಟ್ರು, ತುಮಕೂರು

ಮೊದಲು ಹಾಗೆ ಮಾಡುತ್ತಿದ್ದದ್ದು ನಿಜ. 2016ರಲ್ಲಿ ಎಫ್‌ಎಸ್‌ಎಸ್‌ಎಐ ನಿಯಮ ತಂದಿತು, ಯಾವ ಹಂತದಲ್ಲೂ ಪ್ರಾಣಿಮೂಲದ ವಸ್ತು ಬಳಸಬಾರದು ಅಂತ. ಬೆಳ್ಳಿಯ ಶುದ್ಧತೆ ಸಾವಿರಕ್ಕೆ 999 ಇರಬೇಕು ಅನ್ನೋ ನಿಯಮವೂ ಇದೆ. ಈಗ ಒಳ್ಳೆಯ ಕಡೆ ಯಂತ್ರದಲ್ಲಿ ಮಾಡುತ್ತಾರೆ, ಹಸಿರು ಚುಕ್ಕೆ ಇರುವ ಪ್ಯಾಕೆಟ್ ತಗೊಳ್ಳಿ.

ಅಲ್ಯೂಮಿನಿಯಂ ಕಲಬೆರಕೆ ಇನ್ನೊಂದು ಕಾಟ. ಒಂದು ಚೂರನ್ನು ಎರಡು ಬೆರಳ ನಡುವೆ ಉಜ್ಜಿ. ಬೆಳ್ಳಿಯಾದರೆ ಮಾಯವಾಗುತ್ತದೆ, ಅಲ್ಯೂಮಿನಿಯಂ ಆದರೆ ಚೂರು ಚೂರಾಗಿ ಉಳಿಯುತ್ತದೆ. ಸುಟ್ಟು ನೋಡಿದರೆ ಇನ್ನೂ ಖಚಿತ. ಬೆಳ್ಳಿ ಮುದುಡಿ ಹೊಳೆಯುವ ಪುಟ್ಟ ಗುಂಡು ಆಗುತ್ತದೆ, ಅಲ್ಯೂಮಿನಿಯಂ ಕಪ್ಪು ಬೂದಿ.

ಮಗ್ಗದಮನೆ, ಧರ್ಮಾವರಂ ರೋಡ್

ಚಿನ್ನದ ರೇಕೂ ಹಾಗೇನಾ? ಮೈಸೂರು ಚಿತ್ರಕಲೆಗೆ ಹಚ್ಚುತ್ತಾರಲ್ಲ, ಅದೇ ಆಗುತ್ತಾ?

ಸಿಹಿಶಿಲ್ಪಿ, ಬೆಂಗಳೂರು

ಚಿತ್ರಕ್ಕೆ ಅಂತ ಮಾರೋದನ್ನು ಕೇಕ್‌ಗೆ ತರಬೇಡಿ ಸರ್. ಕೆಲವದು ಅಸಲಿ ಚಿನ್ನವೇ ಇರಬಹುದು, ಆದರೆ ಅಗ್ಗದ್ದು ಹಿತ್ತಾಳೆ ಹಾಳೆ, ತಾಮ್ರ ಮತ್ತು ಸತು. ನೋಡಲು ಎರಡೂ ಒಂದೇ. ತಿನ್ನುವ ಚಿನ್ನದ ಹಾಳೆ ಅಂತಲೇ ಬರೆದು, ಕ್ಯಾರೆಟ್ ನಮೂದಿಸಿ, ಎಫ್‌ಎಸ್‌ಎಸ್‌ಎಐ ನಂಬರ್ ಹಾಕಿ ಮಾರುವಂಥದ್ದೇ ಬೇಕು. ಹತ್ತು ಹಾಳೆ ನೂರಿನ್ನೂರು ರೂಪಾಯಿಗೆ ಕೊಡ್ತೀನಿ ಅಂದರೆ ಅದು ಚಿನ್ನ ಅಲ್ಲ, ಅಷ್ಟೇ.

ಕುಡ್ಲ_ಕಿಚನ್, ಮಂಗಳೂರು

ನಮ್ಮ ಕಡೆ ರೋಸ್ (ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ), ಮದುವೆ, ರಿಸೆಪ್ಷನ್ ಎಲ್ಲಕ್ಕೂ ಕೇಕ್ ಬೇಕು. ಮಳೆಗಾಲ ಬಿಟ್ಟು ಉಳಿದ ದಿನ ನಾನು ಚಿನ್ನಕ್ಕೆ ರಿಜುವಿನೇಟರ್ ಸ್ಪಿರಿಟ್ (ಕೇಕ್ ಬಣ್ಣ ಕಲಸುವ ಗಟ್ಟಿ ಆಲ್ಕೋಹಾಲ್) ಬಳಸೋದು, ಬೇಕಿಂಗ್ ಸಾಮಾನಿನ ಅಂಗಡಿಯಲ್ಲಿ ಪುಟ್ಟ ಬಾಟಲಿ ಸಿಗುತ್ತದೆ. ವೋಡ್ಕಾಗಿಂತ ಬೇಗ ಆರುತ್ತದೆ.

ಲ್ಯಾಬ್_ಮೇಷ್ಟ್ರು, ತುಮಕೂರು

ಆರಲೇಬೇಕಲ್ಲ. ನಮ್ಮ ದೇಶದ ವೋಡ್ಕಾದಲ್ಲಿ ಆಲ್ಕೋಹಾಲ್ ಶೇ. 42.8, ಮಿಕ್ಕಿದ್ದು ಹೆಚ್ಚುಕಮ್ಮಿ ನೀರು. ಸಕ್ಕರೆ ಆಲ್ಕೋಹಾಲ್‌ನಲ್ಲಿ ಕರಗಲ್ಲ, ನೀರಿನಲ್ಲಿ ಕರಗುತ್ತದೆ. ನೀರು ಕಡಿಮೆ ಇದ್ದಷ್ಟೂ ಫಾಂಡಂಟ್‌ಗೆ ಒಳ್ಳೆಯದು.

ಅಮ್ಮಿ_ಬೇಕ್ಸ್, ಶಿವಮೊಗ್ಗ

ಹಾಗಾದರೆ ಮನೆಯಲ್ಲಿರುವ ಸ್ಯಾನಿಟೈಸರ್ ಅಥವಾ ಸರ್ಜಿಕಲ್ ಸ್ಪಿರಿಟ್? ಅದರಲ್ಲೂ ಆಲ್ಕೋಹಾಲ್ ಜಾಸ್ತಿ ಇರುತ್ತಲ್ಲ.

ಲ್ಯಾಬ್_ಮೇಷ್ಟ್ರು, ತುಮಕೂರು

ಖಂಡಿತಾ ಬೇಡಮ್ಮ. ಕುಡಿಯದ ಹಾಗೆ ಅದಕ್ಕೆ ಬೇರೆ ಬೇರೆ ವಸ್ತು ಸೇರಿಸಿರುತ್ತಾರೆ. ಆಲ್ಕೋಹಾಲ್ ಆರಿಹೋದರೂ ಅವೆಲ್ಲ ಹೋಗುತ್ತವೆ ಅನ್ನೋ ಹಾಗಿಲ್ಲ. ಬಾಟಲಿ ಮೇಲೆ ಆಹಾರಕ್ಕೆ ಅಂತ ಬರೆದಿದ್ದರೆ ಮಾತ್ರ ಬಳಸಿ.

ಬಿಸಿಲೂರು, ರಾಯಚೂರು

ಆಲ್ಕೋಹಾಲ್ ಇಲ್ಲದೆ ಬಳಿಯೋಕೆ ಇನ್ನೊಂದು ದಾರಿ ಇದೆಯಲ್ಲ, ಕೋಕೋ ಬಟರ್. ಕರಗಿಸಿ ಪುಡಿ ಕಲಸಿ ಬಳಿಯೋದು. ನಮ್ಮೂರಲ್ಲಿ ಮಾತ್ರ ಏಪ್ರಿಲ್‌ನಲ್ಲಿ ನಿಲ್ಲಲ್ಲ. ಕೋಕೋ ಬಟರ್ 34 ಡಿಗ್ರಿ ಹತ್ತಿರ ಕರಗುತ್ತದೆ, ಇಲ್ಲಿ 40 ದಾಟುತ್ತದೆ. ಮೈಸೂರಿಗೆ ನಡೆದೀತು. ಗೆರೆ ಎಳೆಯೋಕೆ, ಅಕ್ಷರ ಬರೆಯೋಕೆ ಬಲು ಚೆನ್ನ.

ಸಕ್ಕರೆಗೊಂಬೆ, ಮೈಸೂರು

ರಾತ್ರಿ ಪಟ್ಟಿ ಮಾಡಿದೆ. ಕೆಂಪು ಬೆರೆಸಿದ ಸಾಸಿವೆ ಬಣ್ಣ, ಶಾರ್ಟನಿಂಗ್, ಒಣ ಪುಡಿ. ನಿಜವಾಗಿಯೂ ಬೇರೆಯೇ ವಸ್ತು ಅನ್ನಿಸ್ತಿದೆ. ಆದರೆ ಬುಟ್ಟ ಎದ್ದು ಕಾಣ್ತಿಲ್ಲ. ಪಟ್ಟಿ ಪೂರ್ತಿ ಒಂದೇ ಸಮ ಚಿನ್ನ ಆಗಿದೆ. ಇನ್ನೊಂದು ಪ್ರಶ್ನೆ, ಹಸಿರು ನೆರಿಗೆ ಮೇಲೆ ಪುಡಿ ಉದುರಿದರೆ ಏನು ಮಾಡೋದು?

ಸಿಹಿಶಿಲ್ಪಿ, ಬೆಂಗಳೂರು

ಬುಟ್ಟ ಎದ್ದು ಕಾಣಬೇಕು ಅಂದರೆ ಸಂದಿಗಳಲ್ಲಿ ಕತ್ತಲೆ ಬೇಕು. ಪುಡಿ ಹಾಕುವ ಮೊದಲು ಸಣ್ಣ ಬ್ರಶ್‌ನಲ್ಲಿ ಕಂದು ಬಣ್ಣದ ಒಣ ಪುಡಿ ತಗೊಂಡು ಮಾವಿನಕಾಯಿಯ ಸುತ್ತಿನ ಗೆರೆಗಳಿಗೆ ಇಳಿಸಿ. ಹೊಳೆಯದ ಕಂದು, ಮ್ಯಾಟ್ ಅಂತಾರಲ್ಲ ಅದು. ಕೋಕೋ ಪುಡಿಯೂ ಆಗುತ್ತದೆ. ಆಮೇಲೆ ಶಾರ್ಟನಿಂಗನ್ನು ಉಬ್ಬಿದ ಭಾಗಕ್ಕೆ ಮಾತ್ರ ಸವರಿ. ಬೆರಳನ್ನು ಚಪ್ಪಟೆಯಾಗಿ ಆಡಿಸಿದರೆ ತಗ್ಗಿಗೆ ತಾಗಲ್ಲ. ಚಿನ್ನ ಜಿಡ್ಡಿದ್ದ ಕಡೆಯೇ ಗಟ್ಟಿಯಾಗಿ ಹಿಡಿಯುತ್ತದೆ, ತಗ್ಗಿನಲ್ಲಿ ತೆಳುವಾಗಿ ಉಳಿಯುತ್ತದೆ. ದೇವರ ಕವಚದಲ್ಲಿ ಗೆರೆಗಳ ನಡುವೆ ಕಪ್ಪು ನಿಂತಿರುತ್ತಲ್ಲ, ಆ ನೋಟ ಬರುತ್ತೆ.

ಉದುರಿದ ಪುಡಿಗೆ: ಪಟ್ಟಿಯನ್ನು ಪೂರ್ತಿ ಮುಗಿಸಿಯೇ ಕೇಕ್ ಮೇಲೆ ಕೂರಿಸಿ. ಪಟ್ಟಿಯ ಬೆನ್ನಿಗೆ ಮಾತ್ರ ಸಿಎಂಸಿ ಅಂಟು (ತಿನ್ನಬಹುದಾದ ಗೋಂದು), ತೆಳುವಾಗಿ. ಒಂದು ದಿನ ಮೊದಲೇ ಮಾಡಿಟ್ಟರೆ ಮುರಿಯುತ್ತದೆ, ಸುತ್ತಲು ಬಾಗಬೇಕಲ್ಲ. ನಾಲ್ಕೈದು ಗಂಟೆ ಸಾಕು. ಆದರೂ ಹಸಿರಿನ ಮೇಲೆ ಬಿದ್ದರೆ ಬ್ರಶ್‌ನಿಂದ ಒರೆಸಬೇಡಿ, ಹರಡುತ್ತದೆ. ಅದೇ ಹಸಿರು ಫಾಂಡಂಟ್‌ನ ಉಂಡೆ ಮಾಡಿ ಮೆಲ್ಲಗೆ ಒತ್ತಿ ಎತ್ತಿ. ಪುಡಿ ಉಂಡೆಗೆ ಬರುತ್ತದೆ.

ಹೊಸಬೇಕರ್, ಹಾಸನ

ಇದರ ಮೇಲೆ ಗ್ಲೇಜ್, ಅದೇ ತಿನ್ನುವ ವಾರ್ನಿಶ್, ಬಳಿಯಬೇಕಾ? ಇಲ್ಲಾಂದ್ರೆ ಮುಟ್ಟಿದವರ ಕೈಗೆಲ್ಲ ಚಿನ್ನ ಆಗಲ್ವಾ?

ಓವನ್_ಅಕ್ಕ, ಬೆಂಗಳೂರು

ಕೂರಿಸಿದ ಪುಡಿ ಮೇಲೆ ಗ್ಲೇಜ್ ಬಳಿಯಬೇಡಿ. ಗ್ಲೇಜ್‌ನಲ್ಲೂ ಆಲ್ಕೋಹಾಲ್ ಇರುತ್ತದೆ, ಬ್ರಶ್ ತಾಗಿದ ಕೂಡಲೇ ಪುಡಿ ಎದ್ದು ಗೆರೆ ಬೀಳುತ್ತದೆ. ಗ್ಲೇಜೇ ಬೇಕು ಅನ್ನುವವರು ಪುಡಿಯನ್ನು ಅದರಲ್ಲೇ ಕಲಸಿ ಬಳಿಯುತ್ತಾರೆ. ಚೆನ್ನಾಗಿ ಬರುತ್ತದೆ, ಕೈಗೆ ಹತ್ತಲ್ಲ. ಬ್ರಶ್ ಮಾತ್ರ ತಕ್ಷಣ ಸ್ಪಿರಿಟ್‌ನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಕಡ್ಡಿಯಾಗುತ್ತದೆ.

ಲ್ಯಾಬ್_ಮೇಷ್ಟ್ರು, ತುಮಕೂರು

ಆ ಗ್ಲೇಜ್ ಅಂದರೆ ನಮ್ಮ ಅರಗೇ. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅರಗು ಇದೆಯಲ್ಲ, ಅದನ್ನು ಶುದ್ಧ ಮಾಡಿದರೆ ಶೆಲ್ಯಾಕ್. ಐಎನ್‌ಎಸ್ 904. ಮಾತ್ರೆಗಳ ಮೇಲೂ ಮಿಠಾಯಿಗಳ ಮೇಲೂ ಇರುತ್ತದೆ.

ಅಮ್ಮಿ_ಬೇಕ್ಸ್, ಶಿವಮೊಗ್ಗ

ಅರಗು ಹುಳದಿಂದ ಬರೋದು. ಶುದ್ಧ ಸಸ್ಯಾಹಾರಿ ಮನೆಗೆ ಹೇಳದೆ ಹಾಕೋದು ತಪ್ಪು. ಮೊಟ್ಟೆ ಬೇಡ ಅಂದವರಿಗೆ ಹುಳದ ಅಂಟು ಕೊಡೋದಾ?

ಬೆಣ್ಣೆದೋಸೆ, ದಾವಣಗೆರೆ

ಜೇನೂ ಹುಳದಿಂದ ಬರೋದೇ ಅಲ್ವಾ? ರೇಷ್ಮೆಯೂ ಹುಳದ್ದೇ, ಅದನ್ನುಟ್ಟೇ ಪೂಜೆ ಮಾಡ್ತೀವಿ.

ಅಮ್ಮಿ_ಬೇಕ್ಸ್, ಶಿವಮೊಗ್ಗ

ಉಡೋದು ಬೇರೆ, ತಿನ್ನೋದು ಬೇರೆ. ಜೇನು ತಿನ್ನದ ಜೈನರ ಮನೆಗಳು ನನಗೆ ಎಷ್ಟೋ ಗೊತ್ತು. ನಾನು ಹೇಳೋದು ಇಷ್ಟೇ, ಅವರನ್ನು ಕೇಳಿ ಹಾಕಿ.

ಕುಡ್ಲ_ಕಿಚನ್, ಮಂಗಳೂರು

ಕೇಳಿ ಹಾಕೋದು ಸರಿ. ಫಾಂಡಂಟ್ ಪ್ಯಾಕೆಟ್ಟನ್ನೂ ಓದಿ ಹಾಗಾದ್ರೆ, ಕೆಲವು ವಿದೇಶಿ ಫಾಂಡಂಟ್‌ನಲ್ಲಿ ಪ್ರಾಣಿಮೂಲದ ಜೆಲಾಟಿನ್ ಇರುತ್ತದೆ.

ನನ್ನ ಚಿಂತೆ ಬೇರೆ. ಈ ಕೇಕ್ ಹಾಲ್‌ಗೆ ಹೋಗೋದು ಹೇಗೆ? ಒಳಗೆ ಏನು ತುಂಬಿದ್ದೀರಿ? ವಿಪ್ಪಿಂಗ್ ಕ್ರೀಮ್ ಆದರೆ ಫ್ರಿಜ್‌ನಲ್ಲಿ ಇಡಲೇಬೇಕು. ಹೊರಗೆ ತೆಗೆದ ಕೂಡಲೇ ಬೆವರುತ್ತದೆ, ಆ ನೀರಿನ ಹನಿ ಚಿನ್ನದ ಮೇಲೆ ಕೂತರೆ ಕಲೆ ಗ್ಯಾರಂಟಿ.

ಸಕ್ಕರೆಗೊಂಬೆ, ಮೈಸೂರು

ವೈಟ್ ಚಾಕೊಲೇಟ್ ಗನಾಶ್ ಅಂದುಕೊಂಡಿದ್ದೀನಿ ಅಕ್ಕ.

ಕುಡ್ಲ_ಕಿಚನ್, ಮಂಗಳೂರು

ಒಳ್ಳೆಯದಾಯ್ತು. ಮೂರು ಪಾಲು ಚಾಕೊಲೇಟ್‌ಗೆ ಒಂದು ಪಾಲು ಕ್ರೀಮ್ ಹಾಕಿ, ಸೆಕೆ ಇದ್ದರೂ ನಿಲ್ಲುತ್ತದೆ. ಫ್ರಿಜ್‌ಗೆ ಇಟ್ಟರೆ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಟೇಪ್ ಹಚ್ಚಿ ಇಡಿ. ಹೊರಗೆ ತೆಗೆದ ಮೇಲೆ ಪೆಟ್ಟಿಗೆ ತೆರೆಯಬೇಡಿ, ಕೇಕ್ ಕೋಣೆಯ ಬಿಸಿಗೆ ಬರೋವರೆಗೆ ಹಾಗೇ ಇರಲಿ. ಬೆವರಬೇಕಾದ್ದು ಪೆಟ್ಟಿಗೆ ಬೆವರುತ್ತದೆ. ಅಪ್ಪಿತಪ್ಪಿ ಹನಿ ಕೂತರೆ ಒರೆಸಬೇಡಿ, ಫ್ಯಾನ್ ಕೆಳಗೆ ಇಡಿ, ತಾನಾಗಿ ಆರಲಿ. ಒಂದು ಚಿಟಿಕೆ ಪುಡಿ, ಒಂದು ಬ್ರಶ್ ಜೊತೆಗೆ ತಗೊಂಡು ಹೋಗಿ.

ಏರ್‌ಬ್ರಶ್_ಅಣ್ಣ, ಬೆಂಗಳೂರು

ಕೇಕ್ ಪೂರ್ತಿ ಚಿನ್ನ ಬೇಕು ಅನ್ನುವವರಿಗೆ ಕೈಯಲ್ಲಿ ಬಳಿಯೋದು ಸುಮ್ನೆ ಸಮಯ ಹಾಳು, ಏರ್‌ಬ್ರಶ್ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಾಧನ) ತಗೊಳ್ಳಿ. ದೂರದಿಂದ ತೆಳುವಾಗಿ ಹೊಡೆಯೋದು, ಆರಿಸೋದು, ಮತ್ತೆ ಹೊಡೆಯೋದು. ಒಂದೇ ಸಲ ದಪ್ಪ ಹೊಡೆದರೆ ನೀರಿಳಿಯುತ್ತದೆ. ಮೆಟಾಲಿಕ್ ಬಣ್ಣದಲ್ಲಿ ಚಕ್ಕೆಗಳು ತಳಕ್ಕೆ ಕೂರುತ್ತವೆ, ಬಾಟಲಿಯನ್ನು ಪ್ರತಿ ಸಲ ಅಲ್ಲಾಡಿಸಬೇಕು.

ಹೊಸಬೇಕರ್, ಹಾಸನ

ಅಣ್ಣ, ನನ್ನದು 0.2 ಮಿಲಿಮೀಟರ್ ನಾಜಲ್. ಚಿನ್ನ ಹಾಕಿದ ಕೂಡಲೇ ಕಟ್ಟಿಕೊಳ್ಳುತ್ತೆ.

ಏರ್‌ಬ್ರಶ್_ಅಣ್ಣ, ಬೆಂಗಳೂರು

ಅದು ತೀರಾ ಸಣ್ಣದು. ಮೆಟಾಲಿಕ್‌ಗೆ 0.4 ಅಥವಾ 0.5 ಹಾಕಿ. ಮಧ್ಯೆ ಮಧ್ಯೆ ಬಿಸಿನೀರು ಹಾಕಿ ಒಮ್ಮೆ ಊದಿಸಿ ತೆಗೆಯಿರಿ.

ಹಬ್ಬದಂಗಡಿ, ಹುಬ್ಬಳ್ಳಿ

ನಂದೊಂದು ಪ್ರಶ್ನೆ. ಸಂಕ್ರಾಂತಿ ಸಕ್ಕರಿ ಅಚ್ಚಿಗೆ ಚಿನ್ನ ಹಚ್ಚಬಹುದಾ? ಅದು ಗಟ್ಟಿ ಸಕ್ಕರಿ, ಶಾರ್ಟನಿಂಗ್ ಹಚ್ಚಿದ್ರ ಜಿಡ್ಡ ಜಿಡ್ಡ ಆಗತದ. ಪುಡಿ ಈ ಸಲ ತಿನ್ನೋದೇ ತರ್ತೀನಿ, ಮೇಷ್ಟ್ರು ಬೈಬ್ಯಾಡ್ರಿ.

ಓವನ್_ಅಕ್ಕ, ಬೆಂಗಳೂರು

ಆನೆಯ ಅಂಬಾರಿ, ಕಳಶದ ತುದಿ ಇಷ್ಟಕ್ಕೇ ಹಚ್ಚಿ, ಚೆನ್ನಾಗಿ ಕಾಣುತ್ತೆ. ಅಚ್ಚಿನ ಮೈ ಒರಟು, ಒಣ ಪುಡಿ ನಿಲ್ಲಲ್ಲ, ಜಿಡ್ಡೂ ಬೇಡ. ಅದಕ್ಕೆ ಸ್ಪಿರಿಟ್‌ನಲ್ಲಿ ತೆಳುವಾಗಿ ಕಲಸಿ ಸಣ್ಣ ಬ್ರಶ್‌ನಲ್ಲಿ ಎರಡು ಸಲ ಬಳಿಯಿರಿ, ಮೊದಲನೆಯದು ಪೂರ್ತಿ ಆರಿದ ಮೇಲೆ ಎರಡನೆಯದು. ಬಿಳಿ ಅಚ್ಚಿಗಿಂತ ಹಳದಿ ಬಣ್ಣ ಹಾಕಿ ಹೊಯ್ದ ಅಚ್ಚಿನ ಮೇಲೆ ಚಿನ್ನ ಚೆನ್ನಾಗಿ ಕೂರುತ್ತದೆ. ಎಳ್ಳಿನ ಜೊತೆ ಹಂಚುವಾಗ ಬೇರೆ ಪುಟ್ಟ ಕವರ್‌ನಲ್ಲಿ ಹಾಕಿ, ಇಲ್ಲದಿದ್ದರೆ ಕೊಬ್ಬರಿಗೆಲ್ಲ ಚಿನ್ನ ಹತ್ತುತ್ತದೆ.

ಹಬ್ಬದಂಗಡಿ, ಹುಬ್ಬಳ್ಳಿ

ಆತ್ರೀ ಅಕ್ಕಾರ. ಸ್ಪಿರಿಟ್ ಹುಬ್ಬಳ್ಯಾಗ ಎಲ್ಲಿ ಸಿಗತದ, ಗೊತ್ತಿದ್ದವ್ರು ಯಾರರೆ ಹೇಳ್ರಿ.